ಡ್ರೈಯರಿನ ಬಿಸಿ ಗಾಳಿಗೆ ದಾರಿ: ಮುಂಬಯಿಯ ಫ್ಲ್ಯಾಟುಗಳಲ್ಲಿ ಹೊರಗೊಳವೆ ಸರಿಪಡಿಸುವ ಕ್ರಮ

ಮಳೆಗಾಲದಲ್ಲಿ ಡ್ರೈಯರ್ ಬಳಸುವ ನೆರೆಹೊರೆಯವರಿಂದಲೂ ನೆಂಟರಿಂದಲೂ ನಾನು ಕೇಳುವ ದೂರು ಹೆಚ್ಚುಕಡಿಮೆ ಒಂದೇ. ಯಂತ್ರ ಎರಡು ಗಂಟೆ ತಿರುಗಿದರೂ ಬಟ್ಟೆ ಬಿಸಿಯಾಗಿ ಹೊರಬರುತ್ತದೆಯೇ ಹೊರತು ಒಣಗಿರುವುದಿಲ್ಲ. ಜೊತೆಗೆ ಯಂತ್ರವಿಡುವ ಡ್ರೈ ಬಾಲ್ಕನಿಯ ಗೋಡೆ ಬೆವರುತ್ತದೆ, ಪಕ್ಕದ ಕೋಣೆಯ ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಇಂಥ ಹತ್ತು ಮನೆಗಳನ್ನು ನೋಡಿದರೆ ಯಂತ್ರವೇ ಕೆಟ್ಟಿರುವುದು ಒಂದೆರಡು ಕಡೆ ಮಾತ್ರ. ಉಳಿದೆಡೆ ಕೆಟ್ಟಿರುವುದು ಗಾಳಿ ಹೊರಹೋಗುವ ದಾರಿ. ಆ ದಾರಿಯನ್ನು ಮನೆಯವರೇ ಅರ್ಧ ದಿನದಲ್ಲಿ ಪರೀಕ್ಷಿಸಿ, ಹೆಚ್ಚಿನ ಪಾಲು ತಾವೇ ಸರಿಮಾಡಿಕೊಳ್ಳಬಹುದು.

ಮೊದಲು ಒಂದು ಲೆಕ್ಕ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ವಾಷಿಂಗ್ ಮೆಷಿನ್ ನಿಮಿಷಕ್ಕೆ ಸಾವಿರ ಸುತ್ತು ಹಿಂಡಿದ ಮೇಲೂ ಹತ್ತಿ ಬಟ್ಟೆ ತನ್ನ ಒಣ ತೂಕದ ಸುಮಾರು 60 ಪ್ರತಿಶತದಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. 5 ಕಿಲೋ ಬಟ್ಟೆಯಲ್ಲಿ ಹೀಗೆ ಉಳಿಯುವುದು 3 ಲೀಟರ್ ನೀರು, ಅಂದರೆ ಅರ್ಧ ಲೀಟರಿನ ಆರು ಹಾಲಿನ ಪ್ಯಾಕೆಟ್ಟುಗಳಷ್ಟು. ಡ್ರೈಯರ್ ಈ ನೀರನ್ನು ಇಲ್ಲದಂತೆ ಮಾಡುವುದಿಲ್ಲ. ಕೋಣೆಯ ಗಾಳಿಯನ್ನು ಒಳಗೆಳೆದು, ಹೀಟರಿನ ಮೇಲೆ ಹಾಯಿಸಿ ಬಿಸಿಮಾಡಿ, ಒದ್ದೆ ಬಟ್ಟೆಯ ನಡುವೆ ತೂರಿಸಿ, ಹಬೆ ತುಂಬಿದ ಆ ಗಾಳಿಯನ್ನು ಫ್ಯಾನಿನ ಬಲದಿಂದ ಹಿಂಬದಿಯ ಕೊಳವೆಗೆ ನೂಕುತ್ತದೆ. ಕೊಳವೆ ಕಟ್ಟಿಕೊಂಡರೆ ಹಬೆ ಡ್ರಮ್ಮಿನಲ್ಲೇ ಸುತ್ತುತ್ತದೆ. ಕೊಳವೆಯ ಬಾಯಿ ಮನೆಯೊಳಗೇ ಇದ್ದರೆ ಆ 3 ಲೀಟರ್ ನೀರು ನಿಮ್ಮ ಗೋಡೆಗೆ, ಹಾಸಿಗೆಗೆ, ಪುಸ್ತಕಗಳಿಗೆ ಹೋಗಿ ಸೇರುತ್ತದೆ. ನಮ್ಮ ಊರಿನ ಕಡೆ ಜಡಿಮಳೆಯ ಆಟಿ ತಿಂಗಳಲ್ಲಿ ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಾಗ ಹಬೆ ಹಂಚಿನ ಸಂದುಗಳಿಂದ ತಾನಾಗಿ ಹೊರಟುಹೋಗುತ್ತಿತ್ತು. ಸ್ಲ್ಯಾಬಿನ ಕೆಳಗಿನ ಫ್ಲ್ಯಾಟಿನಲ್ಲಿ ಅಂಥ ಸಂದಿಲ್ಲದ ಕಾರಣ ದಾರಿಯನ್ನು ನಾವೇ ಮಾಡಿಕೊಡಬೇಕು.

ನಿಮ್ಮ ಯಂತ್ರ ಯಾವ ಬಗೆಯದು

ಕೆಲಸಕ್ಕೆ ಕೈಹಾಕುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಯಂತ್ರದ ಹಿಂದೆ ಅಥವಾ ಪಕ್ಕದಲ್ಲಿ ಸುಮಾರು 4 ಇಂಚು ಅಗಲದ ದುಂಡು ಬಾಯಿ ಇದ್ದರೆ ಅದು ಗಾಳಿಯನ್ನು ಹೊರಗೆ ನೂಕುವ ವೆಂಟೆಡ್ ಡ್ರೈಯರ್. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ನೀರು ತುಂಬುವ ಡಬ್ಬಿಯೊಂದನ್ನು ಎಳೆದು ಖಾಲಿ ಮಾಡಬೇಕಾದ ಯಂತ್ರ ನಿಮ್ಮದಾಗಿದ್ದರೆ ಅದು ಕಂಡೆನ್ಸರ್ ಅಥವಾ ಹೀಟ್ ಪಂಪ್ ಬಗೆಯದು. ಅದಕ್ಕೆ ಹೊರಗೊಳವೆ ಬೇಕಿಲ್ಲ, ಆದರೆ ಅದರ ಕಂಡೆನ್ಸರ್ ಅಥವಾ ಫಿಲ್ಟರುಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಶುಚಿಮಾಡಬೇಕು ಮತ್ತು ಕೋಣೆಯಲ್ಲಿ ಗಾಳಿಯಾಡಬೇಕು. ಒಗೆಯುವುದನ್ನೂ ಒಣಗಿಸುವುದನ್ನೂ ಒಂದೇ ಡ್ರಮ್ಮಿನಲ್ಲಿ ಮಾಡುವ ವಾಷರ್ ಡ್ರೈಯರುಗಳಲ್ಲಿಯೂ ಸಾಮಾನ್ಯವಾಗಿ ಇಂಥ ಕೊಳವೆ ಇರುವುದಿಲ್ಲ.

ದೋಷ ಎಲ್ಲಿದೆ ಎಂದು ಪತ್ತೆಹಚ್ಚುವುದು

ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡುವುದರಿಂದಲೇ ಅರ್ಧ ಉತ್ತರ ಸಿಗುತ್ತದೆ. ಬಟ್ಟೆ ತಣ್ಣಗೂ ಒದ್ದೆಯಾಗಿಯೂ ಇದ್ದರೆ ಹೀಟರ್ ಅಥವಾ ಶಾಖ ಮಿತಿಮೀರಿದಾಗ ಅದನ್ನು ಆರಿಸುವ ಸುರಕ್ಷತಾ ಕಟ್‌ಔಟಿನ ತೊಂದರೆ. ಅದು ಮೆಕ್ಯಾನಿಕ್ಕಿನ ಕೆಲಸ. ಬಟ್ಟೆ ಸುಡುವಷ್ಟು ಬಿಸಿಯಾಗಿದ್ದೂ ಒದ್ದೆಯಾಗಿದ್ದರೆ ಶಾಖ ಹುಟ್ಟುತ್ತಿದೆ, ಹಬೆ ಮಾತ್ರ ಹೊರಹೋಗುತ್ತಿಲ್ಲ ಎಂದರ್ಥ. ಆದರೆ ಮೊದಲನೆಯ ಲಕ್ಷಣಕ್ಕೂ ಕೆಲವೊಮ್ಮೆ ಎರಡನೆಯದೇ ಮೂಲವಾಗಿರುತ್ತದೆ: ಗಾಳಿ ಓಡದಿದ್ದರೆ ಹೀಟರಿನ ಸುತ್ತ ಶಾಖ ಮಿತಿಮೀರಿ ಕಟ್‌ಔಟ್ ಬೀಳುತ್ತದೆ. ಕಟ್‌ಔಟ್ ಬದಲಿಸಿ ಕೊಳವೆಯನ್ನು ಹಾಗೆಯೇ ಬಿಟ್ಟರೆ ಹೊಸದೂ ಅದೇ ಗತಿ ಕಾಣುತ್ತದೆ.

ಇದನ್ನು ನಾನು ಹಣ ಕೊಟ್ಟು ಕಲಿತೆ. ಮುಲುಂಡಿನ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಡ್ರೈಯರ್ ಎರಡು ಸಲ ನಿಂತಿತು. ಬಂದ ದುರಸ್ತಿಯವರು ಎರಡು ಸಲವೂ ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬದಲಿಸಿದರು, ಯಂತ್ರದ ಹಿಂದೆ ಬಗ್ಗಿ ನೋಡಲಿಲ್ಲ. ಮೂರನೆಯ ಸಲ ನಾನೂ ಮಗನೂ ಸೇರಿ ಯಂತ್ರವನ್ನು ಮುಂದಕ್ಕೆ ಎಳೆದಾಗ, ಗೋಡೆಗೂ ಯಂತ್ರಕ್ಕೂ ನಡುವೆ ಸಿಕ್ಕಿದ್ದ ಕೊಳವೆ ಚಪಾತಿಯಂತೆ ಚಪ್ಪಟೆಯಾಗಿತ್ತು. ಅದನ್ನು ಕತ್ತರಿಸಿ ಬಿಡಿಸಿದರೆ ಒಳಗೆ ಬಟ್ಟೆಯಿಂದ ಉದುರಿದ ನವಿರು ನೂಲು, ಅಂಗಡಿಯವರು ಲಿಂಟ್ ಎನ್ನುವ ಆ ಅರಳೆ, ಕಂಬಳಿಯಷ್ಟು ದಪ್ಪಕ್ಕೆ ಪದರಪದರವಾಗಿ ಕೂತಿತ್ತು. ಬೂದು ಬಣ್ಣದ ಪದರಗಳ ನಡುವೆ ಒಂದು ಕೆಂಪು ಗೆರೆ ಇತ್ತು. ಗಣೇಶ ಚೌತಿಗೆ ತಂದಿದ್ದ ಹೊಸ ಕೆಂಪು ಟವೆಲ್ಲುಗಳನ್ನು ಒಣಗಿಸಿದ ವಾರದ್ದು ಅದು. ಅಂದರೆ ಚೌತಿಯ ಅರಳೆ ಮುಂದಿನ ವರ್ಷದ ಮಳೆಯವರೆಗೂ ಅಲ್ಲಿಯೇ ಉಳಿದುಕೊಂಡಿತ್ತು.

ಆದ್ದರಿಂದ ಪರೀಕ್ಷೆ ಹೀಗಿರಲಿ. ಕಿಟಕಿಗಳನ್ನು ತೆರೆದಿಟ್ಟು, ಖಾಲಿ ಯಂತ್ರವನ್ನು ಐದು ನಿಮಿಷ ಓಡಿಸಿ, ಕೊಳವೆಯ ಹೊರತುದಿಯಲ್ಲಿ ಗಾಳಿಯ ರಭಸ ನೋಡಿ. ಮೇಲಿನ ಮಹಡಿಯಲ್ಲಿರುವವರು ಗ್ರಿಲ್ಲಿನಿಂದ ಹೊರಗೆ ಬಾಗುವುದು ಬೇಡ. ಕೋಲಿನ ತುದಿಗೆ ಟಿಶ್ಯೂ ಪೇಪರಿನ ಒಂದು ಪಟ್ಟಿ ಕಟ್ಟಿ ಚಾಚಿದರೆ ಸಾಕು. ಪಟ್ಟಿ ನೇರವಾಗಿ ಹಾರಬೇಕು. ಆಮೇಲೆ ಯಂತ್ರ ನಿಲ್ಲಿಸಿ, ಪ್ಲಗ್ ತೆಗೆದು, ಕೊಳವೆಯನ್ನು ಯಂತ್ರದ ಬಾಯಿಯಿಂದ ಕಳಚಿ, ಮತ್ತೆ ಪ್ಲಗ್ ಹಾಕಿ ಐದು ನಿಮಿಷ ಓಡಿಸಿ ಅದೇ ಪಟ್ಟಿಯನ್ನು ಯಂತ್ರದ ಬಾಯಿಯ ಮುಂದೆ ಹಿಡಿಯಿರಿ. ಇಲ್ಲಿ ರಭಸವಿದ್ದು ಹೊರತುದಿಯಲ್ಲಿ ಇಲ್ಲವಾದರೆ ದೋಷ ಕೊಳವೆಯದು. ಇಲ್ಲಿಯೂ ರಭಸವಿಲ್ಲದಿದ್ದರೆ ಒಳಗಿನ ಫಿಲ್ಟರ್ ಅಥವಾ ಫ್ಯಾನಿನ ಕಡೆ ಗಮನ ಕೊಡಬೇಕು.

ಫಿಲ್ಟರ್

ಬಾಗಿಲ ಬಳಿಯ ಅರಳೆ ಫಿಲ್ಟರನ್ನು ಪ್ರತಿ ಸಲವೂ ಬರಿಗೈಯಲ್ಲಿ ಒರೆಸಿ ತೆಗೆಯುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಬಟ್ಟೆಗೆ ಮೃದುತನ ಮತ್ತು ಪರಿಮಳ ಬರಲೆಂದು ಹಾಕುವ ಕಂಡೀಷನರ್ ಫಿಲ್ಟರಿನ ಜಾಲರಿಯ ಮೇಲೆ ಕಣ್ಣಿಗೆ ಕಾಣದ ಮೇಣದಂತಹ ಪೊರೆಯನ್ನು ಕಟ್ಟುತ್ತದೆ. ಫಿಲ್ಟರನ್ನು ನಲ್ಲಿಯ ಕೆಳಗೆ ಅಡ್ಡ ಹಿಡಿದು ನೀರು ಬಿಡಿ: ನೀರು ಜಾಲರಿಯ ಮೂಲಕ ಸರಾಗವಾಗಿ ಇಳಿದರೆ ಸರಿ, ತಟ್ಟೆಯಲ್ಲಿ ನಿಂತಂತೆ ನಿಂತರೆ ಗಾಳಿಗೂ ಅಲ್ಲಿ ದಾರಿಯಿಲ್ಲ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಮಾತ್ರ ಹಿಂತಿರುಗಿ ಕೂರಿಸಿ. ಹರಿದ ಜಾಲರಿಯನ್ನು ಅಂಟಿಸಿ ಬಳಸಬೇಡಿ, ಹೊಸದನ್ನು ತನ್ನಿ.

ಕೊಳವೆ ಕಳಚಿ ಶುಚಿಮಾಡುವುದು

ಬೇಕಾದ ಸಾಮಾನು ಕಡಿಮೆ: ಸ್ಕ್ರೂಡ್ರೈವರ್, ಟಾರ್ಚ್, ಉದ್ದ ಹಿಡಿಯ ಮೆದು ಬ್ರಷ್, ವ್ಯಾಕ್ಯೂಮ್ ಕ್ಲೀನರ್, ಹಾಸಲು ಒಂದು ಹಳೆಯ ಚಾದರ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಜಾಗದ ಕೊರತೆಯಿಂದ ನಮ್ಮಲ್ಲಿ ಅನೇಕರು ಡ್ರೈಯರನ್ನು ವಾಷಿಂಗ್ ಮೆಷಿನ್ನಿನ ಮೇಲೆ ಕೂರಿಸಿರುತ್ತಾರೆ ಅಥವಾ ಗೋಡೆಗೆ ತೂಗುಹಾಕಿರುತ್ತಾರೆ. ಅಂಥದ್ದನ್ನು ಒಬ್ಬರೇ ಎಳೆಯಬಾರದು. ಎಡಕ್ಕೆ ಒಬ್ಬರು ಬಲಕ್ಕೆ ಒಬ್ಬರು ಹಿಡಿದು, ಎರಡು ಯಂತ್ರಗಳನ್ನು ಜೋಡಿಸಿರುವ ಪಟ್ಟಿ ಎಲ್ಲಿದೆ ಎಂದು ನೋಡಿಕೊಂಡು ಇಳಿಸಬೇಕು.

ಕ್ಲ್ಯಾಂಪ್ ಸಡಿಲಿಸಿ ಕೊಳವೆಯನ್ನು ಕಳಚಿದ ಮೇಲೆ ಅದನ್ನು ಚಾದರದ ಮೇಲೆ ಉದ್ದಕ್ಕೆ ಎಳೆದು, ಎರಡೂ ತುದಿಗಳಿಂದ ಬ್ರಷ್ ತಿರುಗಿಸುತ್ತ ಅರಳೆಯನ್ನು ಹೊರತೆಗೆಯಿರಿ. ಯಂತ್ರದ ಬಾಯಿಯೊಳಗೆ ಕೈಗೆಟಕುವಷ್ಟು ದೂರ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಗೋಡೆಯ ತೂತಿನೊಳಗೆ ಟಾರ್ಚ್ ಬಿಟ್ಟು ಆಚೆಯ ಮುಚ್ಚಳದವರೆಗೂ ನೋಡಿ. ನಮ್ಮ ನಗರದಲ್ಲಿ ಪಾರಿವಾಳ ಕಡ್ಡಿಯಿಡದ ತೂತು ಅಪರೂಪ. ಹಿಕ್ಕೆಯಿದ್ದರೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ ಒದ್ದೆ ಮಾಡಿಯೇ ತೆಗೆಯಬೇಕು, ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಡ್ರೈಯರ್ ನಿಲ್ಲಿಸಿಡಿ ಎನ್ನುವುದು ನನ್ನ ಕೋರಿಕೆ.

ಯಾವ ಕೊಳವೆ, ಎಷ್ಟು ಉದ್ದ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿ. ಯಂತ್ರದ ಜೊತೆಗೆ ಬರುವ ಅಥವಾ ಅಗ್ಗಕ್ಕೆ ಸಿಗುವ ತೆಳು ಪ್ಲಾಸ್ಟಿಕ್ ಕೊಳವೆಗೆ ಒಳಗೆಲ್ಲ ಸುರುಳಿಯ ಏಣುಗಳಿರುತ್ತವೆ. ಪ್ರತಿ ಏಣೂ ಅರಳೆಯನ್ನು ಹಿಡಿಯುವ ಬಲೆಯಾಗುತ್ತದೆ, ಮೇಲಾಗಿ ಪ್ಲಾಸ್ಟಿಕ್ಕಿಗೆ ಬೆಂಕಿ ತಡೆಯುವ ಗುಣವಿಲ್ಲ. ಒಳಮೈ ನುಣುಪಾಗಿರುವ ಗಟ್ಟಿ ಲೋಹದ ಕೊಳವೆ ಎಲ್ಲಕ್ಕಿಂತ ಒಳ್ಳೆಯದು. ಯಂತ್ರವನ್ನು ಆಗಾಗ ಸರಿಸಬೇಕಾದ ಮನೆಗಳಲ್ಲಿ, ಬಗ್ಗಿಸಿದರೂ ಆಕಾರ ಕಳೆದುಕೊಳ್ಳದ ದಪ್ಪ ಅಲ್ಯೂಮಿನಿಯಂ ಕೊಳವೆಯ ಒಂದು ಚಿಕ್ಕ ತುಂಡನ್ನು ಯಂತ್ರದ ಬಳಿ ಬಳಸಿ ಉಳಿದದ್ದಕ್ಕೆ ಗಟ್ಟಿ ಕೊಳವೆ ಹಾಕಬಹುದು. ಬಡಾವಣೆಯ ಅಂಗಡಿಯಲ್ಲಿ ಸಿಗದಿದ್ದರೆ ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೊಳವೆ, ಕ್ಲ್ಯಾಂಪುಗಳನ್ನು ವಿಚಾರಿಸಬಹುದು.

ಅಂಗಡಿಯವರು ಅಡುಗೆಮನೆಯ ಚಿಮಣಿಯ 6 ಇಂಚಿನ ಕೊಳವೆಯನ್ನು ಕೊಟ್ಟು, ನಡುವೆ ಎರಡು ಅಳತೆಗಳನ್ನು ಜೋಡಿಸುವ ಒಂದು ರಿಡ್ಯೂಸರ್ ಹಾಕಿಕೊಳ್ಳಿ ಎನ್ನುವುದುಂಟು. ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಎಂದು ನಮಗೂ ಅನ್ನಿಸುತ್ತದೆ. ಹಾಗಲ್ಲ. 4 ಇಂಚಿನ ಬಾಯಿಂದ ಹೊರಟ ಗಾಳಿ 6 ಇಂಚಿನ ಕೊಳವೆಯಲ್ಲಿ ಅರ್ಧಕ್ಕಿಂತಲೂ ಕಡಿಮೆ ವೇಗಕ್ಕೆ ಇಳಿಯುತ್ತದೆ, ವೇಗ ತಗ್ಗಿದಲ್ಲಿ ಅರಳೆ ಕೆಳಗೆ ಕೂರುತ್ತದೆ. ಯಂತ್ರದ ಬಾಯಿಯ ಅಳತೆಯನ್ನು ಟೇಪ್ ಹಿಡಿದು ಅಳೆದು, ಕೊನೆಯವರೆಗೂ ಅದೇ ಅಳತೆಯನ್ನು ಉಳಿಸಿಕೊಳ್ಳಿ.

ಉದ್ದದ ವಿಷಯದಲ್ಲಿ ಕೈಪಿಡಿಯ ಮಾತೇ ಅಂತಿಮ. ಅಮೆರಿಕದ ಮನೆ ಕಟ್ಟುವ ನಿಯಮಾವಳಿಯಲ್ಲಿ 4 ಇಂಚಿನ ಕೊಳವೆಗೆ ಸಾಮಾನ್ಯ ಮಿತಿ 35 ಅಡಿ, ಪ್ರತಿ ನೇರ ಮೂಲೆಯ ತಿರುವಿಗೂ ಅದರಲ್ಲಿ 5 ಅಡಿ ಕಳೆಯಬೇಕು. ಅಲ್ಲಿನ ದೊಡ್ಡ ಯಂತ್ರಗಳಿಗೆ ಹೇಳಿದ ಈ ಲೆಕ್ಕವನ್ನು ನಮ್ಮ ಚಿಕ್ಕ ಯಂತ್ರಗಳಿಗೆ ಹಾಗೆಯೇ ಅನ್ವಯಿಸಬಾರದು, ಆದರೆ ಒಂದು ತಿರುವು ಎಷ್ಟು ದುಬಾರಿ ಎನ್ನುವುದು ಅದರಿಂದ ತಿಳಿಯುತ್ತದೆ. ನಮ್ಮ ಫ್ಲ್ಯಾಟುಗಳಲ್ಲಿ ಎರಡು ಮೀಟರ್ ಮತ್ತು ಎರಡು ತಿರುವುಗಳ ಒಳಗೆ ಮುಗಿಸುವಂತೆ ಯಂತ್ರದ ಜಾಗವನ್ನೇ ಬದಲಿಸಿಕೊಳ್ಳುವುದು ಮೇಲು ಎಂದು ನನ್ನ ಅನುಭವ. ಮಿಕ್ಕ ಕೊಳವೆಯನ್ನು ಸುರುಳಿ ಸುತ್ತಿ ಹಿಂದೆ ತುರುಕಬೇಡಿ, ಕತ್ತರಿಸಿ ತೆಗೆಯಿರಿ.

ಜೋಡಿಸುವಾಗ ಗಾಳಿ ಹರಿಯುವ ದಿಕ್ಕಿಗೆ ಕಣ್ಣಿಡಿ: ಮೊದಲ ತುಂಡಿನ ತುದಿ ಮುಂದಿನ ತುಂಡಿನ ಒಳಗೆ ಹೋಗಬೇಕು, ಆಗ ಅರಳೆ ತಗಲುವ ಅಂಚು ಇರುವುದಿಲ್ಲ. ಒಳಕ್ಕೆ ಚಾಚುವ ಸ್ಕ್ರೂ ಬೇಡ. ಬಟ್ಟೆಯ ಟೇಪಿನ ಅಂಟು ಬಿಸಿಗೆ ಬಿಟ್ಟುಹೋಗುತ್ತದೆ, ಅಲ್ಯೂಮಿನಿಯಂ ಫಾಯಿಲ್ ಟೇಪನ್ನೇ ಸುತ್ತಿ. ಕೊಳವೆ ಅಡಿಗೆ ಕಾಲು ಇಂಚಿನಷ್ಟು ಹೊರಕ್ಕೆ ಇಳಿಜಾರಾಗಿರಲಿ. ನಡುವೆ ಜೋತುಬಿದ್ದರೆ ಹಬೆ ಅಲ್ಲಿ ನೀರಾಗಿ ನಿಂತು, ಒದ್ದೆ ಅರಳೆಯೊಡನೆ ಸೇರಿ ಹಿಟ್ಟಿನ ಮುದ್ದೆಯಂತಾಗುತ್ತದೆ. ಯಂತ್ರವನ್ನು ಹಿಂದಕ್ಕೆ ತಳ್ಳುವಾಗ ಒಂದು ಗೇಣು ಜಾಗ ಬಿಡಿ. ಅಷ್ಟು ಜಾಗವಿಲ್ಲದಿದ್ದರೆ ಯಂತ್ರದ ಬಾಯಿಗೆ ಗಟ್ಟಿ ಲೋಹದ ಮೊಣಕೈ ತಿರುವನ್ನು ಹಾಕಿ ಕೊಳವೆಯನ್ನು ಪಕ್ಕಕ್ಕೆ ತಿರುಗಿಸಿ.

ಹೊರಬಾಯಿ ಎಲ್ಲಿರಬೇಕು

ಕೊಳವೆ ಬಯಲಿಗೇ ತೆರೆಯಬೇಕು. ಫಾಲ್ಸ್ ಸೀಲಿಂಗಿನೊಳಗೆ, ಅಡುಗೆಮನೆ ಚಿಮಣಿಯ ಕೊಳವೆಗೆ, ಪೈಪುಗಳು ಹಾದುಹೋಗುವ ಕಟ್ಟಡದ ಡಕ್ಟಿಗೆ ಅದನ್ನು ಬಿಡುವುದು ಸರ್ವಥಾ ಸಲ್ಲದು. ಡಕ್ಟಿಗೆ ಬಿಟ್ಟ ಹಬೆ ಮೇಲಿನ ಮನೆಯ ಬಚ್ಚಲ ಕಿಟಕಿಯಿಂದ ಒಳಬರುತ್ತದೆ, ಅರಳೆ ಕೆಳಗೆ ರಾಶಿಬಿದ್ದು ಬೆಂಕಿಗೆ ಆಹಾರವಾಗುತ್ತದೆ. ಜಾರುವ ಕಿಟಕಿಯ ಸಂದಿಯಲ್ಲಿ ಕೊಳವೆಯ ತುದಿಯನ್ನು ಇಟ್ಟು ಬಿಡುವುದು ಎಲ್ಲೆಡೆ ಕಾಣುವ ರೂಢಿ. ಅದರಿಂದ ಹೊರಹೋದ ಹಬೆಯ ಒಂದು ಪಾಲು ಅದೇ ಸಂದಿಯಿಂದ ಒಳಬಂದು ಮತ್ತೆ ಯಂತ್ರದ ಹೊಟ್ಟೆ ಸೇರುತ್ತದೆ.

ಬಾಡಿಗೆ ಮನೆಯವರಿಗೂ ಒಪ್ಪುವ ಪರಿಹಾರವೊಂದಿದೆ. ಕಿಟಕಿಯನ್ನು ಎಂಟು ಇಂಚು ಸರಿಸಿ, ಆ ತೆರಪಿನ ಅಗಲಕ್ಕೂ ಎತ್ತರಕ್ಕೂ ಸರಿಯಾಗಿ ಅಲ್ಯೂಮಿನಿಯಂ ತಗಡು ಅಥವಾ ದಪ್ಪ ಅಕ್ರಿಲಿಕ್ ಹಲಗೆಯನ್ನು ಅಲ್ಯೂಮಿನಿಯಂ ಸೆಕ್ಷನ್ ಕೆಲಸದವರಿಂದ ಮಾಡಿಸಿ, ಅದರಲ್ಲಿ ಕೊಳವೆಯ ಅಳತೆಯ ದುಂಡು ತೂತು ಕೊರೆಸಿ, ಹೊರಗಡೆ ಮುಚ್ಚಳ ಕೂರಿಸುವುದು. ಅಂಚುಗಳಿಗೆ ರಬ್ಬರ್ ಪಟ್ಟಿ ಹಾಕಿದರೆ ಮಳೆನೀರು ಬರುವುದಿಲ್ಲ, ಮನೆ ಬಿಡುವಾಗ ಹಲಗೆಯನ್ನು ತೆಗೆದುಕೊಂಡು ಹೋಗಬಹುದು. ಗೋಡೆಯನ್ನೇ ಕೊರೆಯುವುದಾದರೆ ಮೊದಲು ಸೊಸೈಟಿಯ ಲಿಖಿತ ಒಪ್ಪಿಗೆ ಪಡೆಯಿರಿ. ಬೀಮು ಮತ್ತು ಕಂಬವನ್ನು ಮುಟ್ಟಬಾರದು. ಇಟ್ಟಿಗೆ ಗೋಡೆಯಲ್ಲಿ ಕೋರ್ ಕಟಿಂಗ್ ಯಂತ್ರದಿಂದ ಹೊರಕ್ಕೆ ಇಳಿಜಾರಾಗಿ ಕೊರೆಸಿ, ಕೊಳವೆಯ ಸುತ್ತ ಸಿಲಿಕೋನ್ ತುಂಬಿಸಿ.

ಹೊರಬಾಯಿಗೆ ಯಂತ್ರದ ಗಾಳಿ ಬಂದಾಗ ತೆರೆದು, ಗಾಳಿ ನಿಂತಾಗ ಮುಚ್ಚಿಕೊಳ್ಳುವ ಹಗುರ ರೆಪ್ಪೆಯ ಮುಚ್ಚಳವಿರಲಿ. ಪಾರಿವಾಳಕ್ಕೆ ಹೆದರಿ ಸೊಳ್ಳೆ ಜಾಲರಿ ಕಟ್ಟುವುದು ಸಹಜ, ಆದರೆ ಕೆಲವೇ ಸಲದ ಒಣಗಿಸುವಿಕೆಯಲ್ಲಿ ಜಾಲರಿ ಅರಳೆಯಿಂದ ಮೆತ್ತಿಕೊಂಡು ಗೋಡೆಯಾಗುತ್ತದೆ. ನಮ್ಮ ಮಳೆ ನೈರುತ್ಯದಿಂದ ಬೀಸಿ ಹೊಡೆಯುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಲ್ಲಿ ರೆಪ್ಪೆಯನ್ನು ಗಾಳಿಯೇ ಒತ್ತಿ ಮುಚ್ಚಿಹಿಡಿಯುತ್ತದೆ. ಆಯ್ಕೆಯಿದ್ದರೆ ಪೂರ್ವ ಅಥವಾ ಉತ್ತರದ ಗೋಡೆ ಹಿಡಿಯಿರಿ, ಇಲ್ಲವಾದರೆ ಕೆಳಮುಖದ ಟೊಪ್ಪಿಗೆ ಹಾಕಿಸಿ. ಏಸಿಯ ಹೊರಘಟಕ ಹತ್ತಿರದಲ್ಲಿದ್ದರೆ ಅರಳೆ ಹೋಗಿ ಅದರ ಜಾಲಕ್ಕೆ ಅಂಟುತ್ತದೆ. ನೆರೆಯವರು ಬಟ್ಟೆ ಒಣಹಾಕುವ ಗ್ರಿಲ್ಲಿನ ಕಡೆಗೂ ಬಾಯಿ ತಿರುಗಿರಬಾರದು.

ಒಳಬರುವ ಗಾಳಿ ಮತ್ತು ಗ್ಯಾಸ್ ಗೀಸರ್

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. ಡ್ರೈಯರ್ ಹೊರಗೆ ನೂಕಿದಷ್ಟೇ ಗಾಳಿ ಮನೆಯೊಳಗೆ ಬರಬೇಕು. ಎಲ್ಲ ಕಿಟಕಿಗಳನ್ನೂ ಮುಚ್ಚಿ ಓಡಿಸಿದರೆ ಮನೆಯೊಳಗಿನ ಒತ್ತಡ ಕುಗ್ಗಿ, ಯಂತ್ರ ಸಿಕ್ಕ ಸಿಕ್ಕ ಸಂದಿನಿಂದ ಗಾಳಿ ಎಳೆಯುತ್ತದೆ. ಮುಂಬಯಿಯ ಅನೇಕ ಮನೆಗಳ ಬಚ್ಚಲಲ್ಲಿ ಪೈಪ್ ಗ್ಯಾಸಿನ ಅಥವಾ ಸಿಲಿಂಡರಿನ ಗೀಸರ್ ಇದೆ. ಅದರ ಹೊಗೆ ಹೊರಹೋಗಬೇಕಾದ ದಾರಿಯಿಂದಲೇ ಗಾಳಿ ಒಳಕ್ಕೆ ಎಳೆಯಲ್ಪಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಮನುಷ್ಯ ಎಚ್ಚರ ತಪ್ಪುತ್ತಾನೆ. ಆದ್ದರಿಂದ ಗ್ಯಾಸ್ ಗೀಸರ್ ಉರಿಯುವಾಗ ಡ್ರೈಯರ್ ಓಡಿಸಬೇಡಿ, ಮತ್ತು ಡ್ರೈಯರ್ ಓಡುವಾಗ ಅದೇ ಕೋಣೆಯ ಕಿಟಕಿಯನ್ನು, ಹೊರಬಾಯಿಯಿಂದ ದೂರದ ಕಡೆಯಲ್ಲಿ, ನಾಲ್ಕು ಬೆರಳಿನಷ್ಟು ತೆರೆದಿಡಿ.

ಬಳಕೆಯಲ್ಲಿ ಗಮನಿಸಬೇಕಾದದ್ದು

ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಹತ್ತಿತ್ತು. ಕಾರಣಗಳಲ್ಲಿ ಮೊದಲನೆಯದು ಶುಚಿಮಾಡದೆ ಬಿಟ್ಟದ್ದು. ಹಾಗಾಗಿ ಯಂತ್ರವನ್ನು ಓಡಲು ಬಿಟ್ಟು ಮಲಗುವುದು, ಹೊರಗೆ ಹೋಗುವುದು ಬೇಡ. ಎಣ್ಣೆಸ್ನಾನದ ಟವೆಲ್, ಅಡುಗೆಮನೆಯ ಎಣ್ಣೆ ಒರೆಸಿದ ಬಟ್ಟೆ ಒಗೆದ ಮೇಲೂ ಜಿಡ್ಡು ಉಳಿಸಿಕೊಂಡಿರುತ್ತವೆ. ಬಿಸಿಯಾಗಿ ರಾಶಿಬಿದ್ದಾಗ ಅವು ತಾವಾಗಿ ಹೊತ್ತಿಕೊಳ್ಳುವ ಸಂಭವವಿದೆ, ಅವನ್ನು ಫ್ಯಾನಿನ ಕೆಳಗೇ ಒಣಗಿಸಿ. 2,000 ವಾಟ್ ಎಳೆಯುವ ಯಂತ್ರಕ್ಕೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಬೇಕು. ಅದಕ್ಕೆ ತನ್ನದೇ 16 ಆಂಪಿಯರಿನ ಸಾಕೆಟ್ ಇರಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಕೂಡದು. ಡ್ರಮ್ಮನ್ನು ಕಿಕ್ಕಿರಿದು ತುಂಬಬೇಡಿ. ಒಣಗಿಸುವ ಮೊದಲು ವಾಷಿಂಗ್ ಮೆಷಿನ್ನಿನಲ್ಲಿ ಇನ್ನೊಮ್ಮೆ ಹಿಂಡಿಸಿದರೆ ಡ್ರೈಯರಿನ ಕೆಲಸ ಅಷ್ಟು ಕಡಿಮೆಯಾಗುತ್ತದೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮುಂಗಾರು ಬರುವುದು ಜೂನ್ 11ಕ್ಕೆ, ಹಿಂತಿರುಗುವುದು ಅಕ್ಟೋಬರ್ 8ಕ್ಕೆ. ಕೊಳವೆಯನ್ನು ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಚೌತಿಯ ಹೊತ್ತಿಗೆ ಇನ್ನೊಮ್ಮೆ ಕಳಚಿ ಶುಚಿಮಾಡಿ. ಮೇ ತಿಂಗಳಲ್ಲಿ ಶುಚಿಮಾಡಿದ ದಿನವೇ ಒಂದು ಅಳತೆಯನ್ನೂ ತೆಗೆದಿಡಿ: ನಾಲ್ಕು ಹತ್ತಿ ಟವೆಲ್ಲು, ಎರಡು ಚಾದರ ಒಣಗಲು ಎಷ್ಟು ನಿಮಿಷ ಹಿಡಿಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ನಮ್ಮ ಮನೆಯಲ್ಲಿ ಅದು 70 ನಿಮಿಷ. ತಿಂಗಳಿಗೊಮ್ಮೆ ಅದೇ ಬಟ್ಟೆಗಳನ್ನು ಹಾಕಿ ನೋಡುತ್ತೇನೆ. 85 ದಾಟಿದ ದಿನ ಮೊದಲು ಹೊರಗಿನ ರೆಪ್ಪೆಯನ್ನು, ಆಮೇಲೆ ಯಂತ್ರದ ಹಿಂದಿನ ತಿರುವನ್ನು ಬಿಚ್ಚಿ ನೋಡುತ್ತೇನೆ.